ಹದಿನೇಳು ಕಾಯಿಲೆಯ ಆಂಜಿನಪ್ಪ

ಇಪ್ಪತ್ತೆಂಟು ವರ್ಷ ಹಾಲಿನ ಕ್ಯಾನು ಎತ್ತಿ ಇಳಿಸಿ, ಎತ್ತಿ ಇಳಿಸಿ, ಸುಗಟೂರಿನ ಡೇರಿ ಕಾರ್ಯದರ್ಶಿ ಆಂಜಿನಪ್ಪನ ಬಲಗಡೆಯ ತೊಡೆಸಂದಿಯಲ್ಲಿ ಒಂದು ಗಂಟು ಎದ್ದಿತ್ತು. ಕೆಮ್ಮಿದರೆ ಹೊರಗೆ ಬರುತ್ತಿತ್ತು, ಮಲಗಿದರೆ ಒಳಗೆ ಹೋಗುತ್ತಿತ್ತು. ಬಂದುಹೋಗುವ ನೆಂಟರ ಹಾಗೆ ಎಂದುಕೊಂಡು ಅವನು ಅದನ್ನು ಎರಡು ವರ್ಷ ಸಾಕಿದ. ಕೊನೆಗೆ ಹೆಂಡತಿ ರಾಮಲಕ್ಷ್ಮಮ್ಮ ದರದರ ಎಳೆದುಕೊಂಡು ಹೋಗಿ ಕೋಲಾರದ ಆಸ್ಪತ್ರೆಯೊಂದರಲ್ಲಿ ಸರ್ಜನ್ ಶೋಭಾರಾಣಿಯವರ ಮುಂದೆ ನಿಲ್ಲಿಸಿದಳು.

"ಹರ್ನಿಯಾ. ಆಪರೇಷನ್ನೇ ಮಾಡ್ಬೇಕು" ಎಂದರು ಡಾಕ್ಟರು. "ಇವತ್ತು ಒಳಗೆ ಹೋಗ್ತಿದೆ, ಸರಿ. ಒಂದು ದಿನ ಹೋಗದೆ ಅಲ್ಲೇ ಸಿಕ್ಕಾಕ್ಕೊಂಡ್ರೆ ಕರುಳು ಕೊಳೆಯುತ್ತೆ. ಆಮೇಲೆ ಜೀವ ಉಳ್ಸೋದು ಕಷ್ಟ. ಅಲ್ಲೀವರ್ಗೂ ಕ್ಯಾನು ಮುಟ್ಬೇಡಿ."

ಹೀಗೆ ಕಡ್ಡಿ ಮುರಿದಂತೆ ಹೇಳಿ, ಎರಡು ತಿಂಗಳಾಚೆಗಿನ ಒಂದು ಶುಕ್ರವಾರವನ್ನು ಗೊತ್ತುಮಾಡಿ ಕಳಿಸಿದರು. ಆ ಎರಡು ತಿಂಗಳು ಆಂಜಿನಪ್ಪ ತೆಪ್ಪಗೆ ಕೂತಿದ್ದರೆ ಹೇಳುವುದಕ್ಕೆ ಕಥೆಯೇ ಇರುತ್ತಿರಲಿಲ್ಲ. ಆದರೆ ತೆಪ್ಪಗೆ ಕೂರುವ ಯೋಗ ಅವನ ಜಾತಕದಲ್ಲಿಲ್ಲ. ಮನೆಗೆ ಮಾರಿ ಊರಿಗೆ ಉಪಕಾರಿ ಎಂದು ರಾಮಲಕ್ಷ್ಮಮ್ಮ ದಿನಕ್ಕೆ ಮೂರು ಹೊತ್ತು ಹೇಳುತ್ತಿದ್ದಳು, ಅವನು ಅದನ್ನು ಹೊಗಳಿಕೆ ಎಂದೇ ತಿಳಿದಿದ್ದ.

ಅದೇ ವಾರ ಊರಿನ ಆಶಾ ಕಾರ್ಯಕರ್ತೆ ಸುನಂದ, ತಾಲ್ಲೂಕಿನಿಂದ ಲ್ಯಾಪ್‌ಟಾಪಿನ ಇಬ್ಬರನ್ನು ಕರೆತಂದು ಡೇರಿ ಮುಂದೆ ಮೇಜು ಹಾಕಿಸಿದಳು. ಪ್ರತಿಯೊಬ್ಬರಿಗೂ ಹದಿನಾಲ್ಕು ಅಂಕಿಯ ಒಂದು ಆರೋಗ್ಯ ನಂಬರ್ ಕೊಡುವ ಕಾರ್ಯಕ್ರಮ.

"ಇನ್ಮೇಲೆ ಚೀಟಿ ಚೀಲ ಹೊತ್ಕೊಂಡು ಅಲೀಬೇಕಾಗಿಲ್ಲ" ಎಂದು ಸುನಂದ ಮೈಕಿನಲ್ಲಿ ವಿವರಿಸಿದಳು. "ಮಾಲೂರಲ್ಲಿ ಮಾಡ್ಸಿದ ರಕ್ತ ಪರೀಕ್ಷೆ ಕೋಲಾರದ ಡಾಕ್ಟ್ರಿಗೆ ಕಾಣುತ್ತೆ. ಮುಳಬಾಗಿಲಲ್ಲಿ ಕೊಟ್ಟ ಮಾತ್ರೆ ಶ್ರೀನಿವಾಸಪುರದ ಡಾಕ್ಟ್ರಿಗೆ ಕಾಣುತ್ತೆ. ನೀವು ಒಪ್ಪಿಗೆ ಕೊಟ್ರೆ ಮಾತ್ರ. ಮೊದ್ಲು ಯಾರು ಬರ್ತೀರಾ?"

ಮೊದಲು ಯಾರು ಎಂದರೆ ಮೊದಲು ಆಂಜಿನಪ್ಪ. ಅವನ ನಂಬರ್ ಆಯಿತು, ಫೋನಿಗೆ ಬಂತು, ಜನ ಚಪ್ಪಾಳೆ ತಟ್ಟಿದರು. ಎರಡನೆಯವರ ಬೆರಳು ಒತ್ತಿಸುವಷ್ಟರಲ್ಲಿ ನೆಟ್‌ವರ್ಕ್ ಹೋಯಿತು. ಹೋದದ್ದು ಸಂಜೆಯಾದರೂ ಬರಲಿಲ್ಲ. ಮತ್ತೊಮ್ಮೆ ಬರುತ್ತೇವೆಂದು ಲ್ಯಾಪ್‌ಟಾಪಿನವರು ಮಡಚಿಕೊಂಡು ಹೋದರು. ಅಲ್ಲಿಗೆ ಇಡೀ ಸುಗಟೂರಿನಲ್ಲಿ ಆರೋಗ್ಯ ನಂಬರ್ ಇರುವ ಏಕೈಕ ಮನುಷ್ಯ ಆಂಜಿನಪ್ಪನಾದ. ಅವನು ಆ ಕಾರ್ಡನ್ನು ಲ್ಯಾಮಿನೇಷನ್ ಮಾಡಿಸಿ, ಡೇರಿಯಲ್ಲಿ ಲಕ್ಷ್ಮಿ ಫೋಟೋದ ಪಕ್ಕಕ್ಕೆ ನೇತುಹಾಕಿ, ಲಕ್ಷ್ಮಿಗೆ ಇಡುವ ಹೂವಿನಲ್ಲಿ ಅದಕ್ಕೂ ಒಂದು ಪಾಲು ಇಡತೊಡಗಿದ.

ಮೂರನೇ ದಿನ ಚಿಕ್ಕಗಂಗಮ್ಮ ಎಂಬ ಮುದುಕಿ ಹಾಲು ಹಾಕಲು ಬಂದವಳು ತಲೆ ಹಿಡಿದುಕೊಂಡು ಕೂತಳು. "ಯಾಕೋ ತಲೆ ಗಿರ್ ಅಂತೈತೆ ಕಣಪ್ಪ. ನಂಗೂ ಒಂದು ನಂಬರ್ ಇದ್ದಿದ್ರೆ ಆಸ್ಪತ್ರೇಗೆ ಹೋಗಿ ಬರ್ತಿದ್ದೆ."

"ನಿಂಗ್ಯಾಕಮ್ಮ ಬೇರೆ ನಂಬರ್? ನನ್ ನಂಬರಿಗೆ ಹಾಕು!" ಎಂದ ಆಂಜಿನಪ್ಪ.

ಡೇರಿ ಇಲ್ಲದ ಊರಿನವರಿಗೆ ಇದು ಹುಚ್ಚು ಮಾತಾಗಿ ಕೇಳಬಹುದು. ಡೇರಿ ಇರುವ ಊರಿನಲ್ಲಿ ಇದಕ್ಕಿಂತ ನ್ಯಾಯವಾದ ಮಾತಿಲ್ಲ. ಒಂದೇ ಹಸು ಇಟ್ಟುಕೊಂಡು ಸದಸ್ಯತ್ವ ಇಲ್ಲದವರು ಪಕ್ಕದ ಮನೆಯವರ ನಂಬರಿಗೆ ಹಾಲು ಹಾಕುವುದು ತಾತನ ಕಾಲದಿಂದ ನಡೆದುಬಂದದ್ದು. ಯಾರ ಹಸು, ಯಾರ ಹಾಲು ಎಂದು ಕ್ಯಾನು ಕೇಳುವುದಿಲ್ಲ. ಹಾಗಿದ್ದ ಮೇಲೆ ಯಾರ ಕಾಯಿಲೆ ಎಂದು ಕಂಪ್ಯೂಟರ್ ಯಾಕೆ ಕೇಳಬೇಕು? ಒಟ್ಟಿನಲ್ಲಿ ಡಾಕ್ಟರಿಗೆ ಮುಟ್ಟಿದರಾಯಿತು. ಇದು ಆಂಜಿನಪ್ಪನ ಸಿದ್ಧಾಂತ. ಊರಿನಲ್ಲಿ ಒಬ್ಬರೂ ಇದರಲ್ಲಿ ತಪ್ಪು ಹುಡುಕಲಿಲ್ಲ.

ಅದರ ಸುಖವೂ ಹಾಗೇ ಇತ್ತು. ಆಸ್ಪತ್ರೆಯ ಬಾಗಿಲಲ್ಲಿರುವ ಚೌಕಳಿ ಚಿತ್ರಕ್ಕೆ ಫೋನು ತೋರಿಸಿದರೆ ಸಾಕು, ಟಿಂಗ್ ಎಂದು ಟೋಕನ್ ಬರುತ್ತಿತ್ತು. ಕ್ಯೂನಲ್ಲಿ ನಿಂತವರು ಬಾಯಿ ಬಿಟ್ಟುಕೊಂಡು ನೋಡುತ್ತಿರಲು ಆಂಜಿನಪ್ಪ ಪಂಚೆ ಎತ್ತಿಕಟ್ಟಿ, ಚಿಕ್ಕಗಂಗಮ್ಮನ ರಟ್ಟೆ ಹಿಡಿದು, ಎಮ್ಮೆಲ್ಲೆಯ ಹಾಗೆ ಒಳಗೆ ನಡೆದ. ದಾಖಲೆ ಹಂಚಿಕೊಳ್ಳಲು ಒಪ್ಪಿಗೆ ಇದೆಯೇ ಎಂದು ಫೋನು ಕೇಳಿದಾಗಲೆಲ್ಲ, "ಐತೆ ಹೋಗು" ಎಂದು ಜೋರಾಗಿ ಹೇಳಿ ಗುಂಡಿ ಒತ್ತಿದ. ಟೋಕನ್ ಕೂಗಿದಾಗ ಎದ್ದು ಬಂದವರು ಗಂಡೋ ಹೆಣ್ಣೋ ಎಂದು ತಲೆ ಎತ್ತಿ ನೋಡುವಷ್ಟು ಪುರುಸೊತ್ತು ಯಾವ ಕೌಂಟರಿನಲ್ಲಿ ತಾನೇ ಇರುತ್ತದೆ?

ಸುದ್ದಿ ಹರಡಿತು. ರೇಷ್ಮೆ ಸಾಕುವ ಸುರೇಶ್‌ಗೆ ನಾಯಿ ಕಚ್ಚಿತು, ಆಂಜಿನಪ್ಪನ ನಂಬರಿಗೆ ಹಾಕಿದರು. ಶ್ರೀನಿವಾಸಪುರದ ಮಾವಿನ ತೋಪಿಗೆ ಕೆಲಸಕ್ಕೆ ಹೋಗಿದ್ದ ನರೇಶ್ ಮರದಿಂದ ಬಿದ್ದು ಕೈ ಮುರಿದುಕೊಂಡ. ಆಂಜಿನಪ್ಪ ಬಸ್ಸು ಹತ್ತಿ ಅಲ್ಲಿಗೇ ಹೋಗಿ ಫೋನು ತೋರಿಸಿ ಬಂದ. ಶಿವಾರಪಟ್ಟಣದಲ್ಲಿ ವಿಗ್ರಹ ಕೆತ್ತುವ ಷಡ್ಡಕ ಶಿವಕುಮಾರನಿಗೆ ಕಲ್ಲಿನ ಧೂಳು ಎದೆಗೆ ಸೇರಿ ಕೆಮ್ಮು, ಮಾಲೂರಿನ ಕ್ಲಿನಿಕ್ಕಿನಲ್ಲಿ ಅದೂ ಇದೇ ನಂಬರಿಗೆ ಸೇರಿತು. ಎದುರು ಮನೆಯ ಸೊಸೆ ಗಂಗಾಲಕ್ಷ್ಮಿ ಬಸುರಿ. ಅವಳ ಸ್ಕ್ಯಾನಿಂಗೂ ಸೇರಿತು. ಎರಡು ಸಲ ಪಂಚಾಯ್ತಿ ಅಧ್ಯಕ್ಷರಾಗಿದ್ದ, ಮೀಸೆಗೆ ಎಣ್ಣೆ ಹಚ್ಚಿ ತಿರುಪುವ ನರಸಿಂಹಪ್ಪನವರು ಒಂದು ಬೆಳಗ್ಗೆ ಕಿವಿಯ ಹತ್ತಿರ ಬಂದು ಏನೋ ಪಿಸುಗುಟ್ಟಿದರು. "ಯಾರಿಗೂ ಹೇಳ್ಬೇಡ ಕಣೋ" ಎಂದರು. ಅವರ ಮೂಲವ್ಯಾಧಿಯೂ ಸೇರಿತು.

ಎರಡು ತಿಂಗಳು ತುಂಬುವಷ್ಟರಲ್ಲಿ ಆಂಜಿನಪ್ಪನ ದಾಖಲೆ ಜಿಲ್ಲೆಯ ನಾಲ್ಕು ತಾಲ್ಲೂಕುಗಳಿಗೆ ವ್ಯಾಪಿಸಿತ್ತು. ಅವನು ಟೀ ಅಂಗಡಿಯಲ್ಲಿ ಫೋನು ತೆಗೆದು ಬೆರಳಿನಿಂದ ಸರಿಸಿ ಸರಿಸಿ ತೋರಿಸುತ್ತಿದ್ದ. "ಇಷ್ಟು ದಪ್ಪ ಫೈಲು ಇನ್ಯಾರ್ದಾದ್ರೂ ಐತೇನ್ಲಾ? ಸುಮ್ನೆ ಬರ್ತದಾ ಇದು?"

ಮೊದಲು ಗಂಟೆ ಬಾರಿಸಿದ್ದು ಸುನಂದಳೇ. ಒಂದು ಬೆಳಗ್ಗೆ ಕಬ್ಬಿಣದ ಮಾತ್ರೆಯ ಪೊಟ್ಟಣ, ತಾಯಿ ಕಾರ್ಡು ಹಿಡಿದುಕೊಂಡು ಬಂದು ಜಗಲಿಯ ಮೇಲೆ ಕೂತಳು.

"ಆಂಜಿನಪ್ಪಣ್ಣ, ನಿಂಗೆ ಆರನೇ ತಿಂಗಳಂತೆ."

"ಏನು ಆರನೇ ತಿಂಗಳು?"

"ಬಸುರಿ ಲಿಸ್ಟಲ್ಲಿ ಬಂದೈತೆ. ಹೆಸರು ಆಂಜಿನಪ್ಪ, ವಯಸ್ಸು ಐವತ್ತೆರಡು. ಮೇಲಿನೋರು ಫೋನ್ ಮಾಡಿ, ಇಷ್ಟು ವಯಸ್ಸಾದ ಬಸುರೀನ ನೀನು ಇನ್ನೂ ಯಾಕೆ ಹೋಗಿ ನೋಡಿಲ್ಲ ಅಂತ ನಂಗೆ ಉಗಿದ್ರು."

ಒಳಗಿಂದ ರಾಮಲಕ್ಷ್ಮಮ್ಮ ಕೂಗಿದಳು. "ಕೊಟ್ಟು ಹೋಗಮ್ಮ ಮಾತ್ರೆ, ಬುದ್ಧಿಗಾದ್ರೂ ಶಕ್ತಿ ಬರ್ಲಿ!"

"ನಗೋ ವಿಷಯ ಅಲ್ಲ ಅಕ್ಕ" ಎಂದಳು ಸುನಂದ. "ಯಾರ್ಯಾರ್ದು ಹಾಕಿದ್ದೀಯ ಅಂತ ಹೇಳಿ ಬಿಡಿಸ್ಕೋ ಅಣ್ಣ. ನಾಳೆ ಆಪರೇಷನ್ನಿಗೆ ತೊಂದ್ರೆ ಆಗುತ್ತೆ."

"ಸರ್ಕಾರದ್ದು ಕಣಮ್ಮ, ತಾನೇ ಸರಿಹೋಗ್ತದೆ" ಎಂದು ಆಂಜಿನಪ್ಪ ಕೈ ಬೀಸಿದ. ಸರ್ಕಾರದ್ದು ಯಾವುದು ತಾನಾಗಿ ಸರಿಹೋಗಿದೆ ಎಂದು ಅವನನ್ನು ಯಾರೂ ಕೇಳಲಿಲ್ಲ.

ಮಾರನೆಯ ದಿನದಿಂದ ಫೋನುಗಳು ಶುರುವಾದವು. ನಾಯಿ ಕಡಿತದ ಮೂರನೇ ಚುಚ್ಚುಮದ್ದಿಗೆ ಬರಲಿಲ್ಲವೇಕೆ ಎಂದು ಒಬ್ಬರು ಗದರಿಸಿದರು. ಮುರಿದ ಕೈ ಹೇಗಿದೆ ಎಂದು ಇನ್ನೊಬ್ಬರು ವಿಚಾರಿಸಿದರು. ಟೀ ಅಂಗಡಿಯಲ್ಲಿ ಆ ದಪ್ಪ ಫೈಲನ್ನು ನೋಡಿದವರು ಬೇರೆ ಸುಮ್ಮನಿರಲಿಲ್ಲ. ಬಸ್ಸಿನಲ್ಲಿ ಮಾತು ಹೊರಟು, ಹುತ್ತೂರು ತಲುಪುವಷ್ಟರಲ್ಲಿ ಹದಿನೇಳು ಕಾಯಿಲೆಯಾಗಿ, ಹುತ್ತೂರಿನಲ್ಲಿದ್ದ ಅವನ ಅಕ್ಕ ಅಂಜಮ್ಮನ ಕಿವಿಗೆ ಬಿತ್ತು. ಅವಳು ಮಂಗಳವಾರ ಮಧ್ಯಾಹ್ನ ಬೀದಿಯ ತುದಿಯಿಂದಲೇ ಎದೆ ಬಡಿದುಕೊಳ್ಳುತ್ತ ಬಂದಳು.

"ಅಯ್ಯೋ ನನ್ ತಮ್ಮಾ! ಹದಿನೇಳು ಕಾಯ್ಲೆ ಇಟ್ಕೊಂಡು ಒಂದು ಮಾತು ಹೇಳ್ಲಿಲ್ವಲ್ಲೋ! ಅಮ್ಮ ಇದ್ದಿದ್ರೆ ಹೀಗಾಗೋಕೆ ಬಿಡ್ತಿದ್ಳಾ!"

"ಏ, ನಂಗೇನಾಗಿಲ್ಲ ಕಣಕ್ಕ" ಎಂದ ಆಂಜಿನಪ್ಪ, ಬಾಯಲ್ಲಿದ್ದ ಮುದ್ದೆ ನುಂಗಿ.

"ನೋಡ್ರೀ, ನೋಡ್ರೀ, ಸಾಯೋ ಗಳಿಗೇಲೂ ಧೈರ್ಯ ಹೇಳ್ತಾನೆ!"

ಅಳು ಕೇಳಿ ಬೀದಿಯೆಲ್ಲ ಸೇರಿತು. ಕಾಯಿಲೆ ಹಾಕಿದವರಿಗೆ ತಾವು ಹಾಕಿದ್ದು ಒಂದೊಂದು ಮಾತ್ರ ಗೊತ್ತು, ಉಳಿದದ್ದೆಲ್ಲ ಆಂಜಿನಪ್ಪನದೇ ಎಂದು ಪ್ರತಿಯೊಬ್ಬರೂ ನಂಬಿ ನಿಟ್ಟುಸಿರು ಬಿಟ್ಟರು. ಎಳನೀರು ಬಂತು, ಬಾಳೆಹಣ್ಣು ಬಂತು. ನರಸಿಂಹಪ್ಪನವರು ಮೀಸೆ ತಿರುವುತ್ತ, "ಡೇರಿಗೆ ಇನ್ನೊಬ್ಬ ಕಾರ್ಯದರ್ಶಿ ಅಂತ ಬೇಕಾಗ್ತದಲ್ಲ, ನಮ್ ಅಣ್ಣನ ಮಗ ಗಂಗಾಧರ ಖಾಲಿ ಕೂತವ್ನೆ" ಎಂದು ದೂರದೃಷ್ಟಿ ತೋರಿಸಿದರು.

ಬುಧವಾರ ಆಪರೇಷನ್ನಿಗೆ ಮುಂಚಿನ ತಪಾಸಣೆ. ಆಂಜಿನಪ್ಪ ಹೊಸ ಪಂಚೆ ಉಟ್ಟು ಕೋಲಾರಕ್ಕೆ ಹೋದ. ಡಾಕ್ಟರ್ ಶೋಭಾರಾಣಿ ಅವನ ನಂಬರ್ ಒತ್ತಿ ಕಂಪ್ಯೂಟರ್ ನೋಡಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. ಆಮೇಲೆ ಅವನನ್ನು ನೋಡಿದರು.

"ಆಂಜಿನಪ್ಪ, ಎಡಗೈ ಎತ್ತಿ."

ಎತ್ತಿದ.

"ಇದು ಮುರಿದು, ಹೋದ ತಿಂಗಳು ಪ್ಲಾಸ್ಟರ್ ಹಾಕಿದ್ದಾರೆ. ಎಲ್ಲಿ ಪ್ಲಾಸ್ಟರ್ರು?"

"ಅದು ನಮ್ ನರೇಶಂದು ಮೇಡಮ್."

"ಹುಚ್ಚುನಾಯಿ ಇಂಜೆಕ್ಷನ್?"

"ಸುರೇಶಂದು."

"ಇಪ್ಪತ್ತಾರು ವಾರದ ಮಗು?"

"ಎದುರು ಮನೇದು ಮೇಡಮ್. ನಮ್ಮೂರೋರೆಲ್ಲ ನನ್ ನಂಬರಿಗೇ ಹಾಕ್ತಾರೆ" ಎಂದು ಆಂಜಿನಪ್ಪ ಎದೆ ಉಬ್ಬಿಸಿದ. ಶಹಬ್ಬಾಸ್‌ಗಿರಿ ಬರುತ್ತದೆಂದು ಕಾದ.

ಶಹಬ್ಬಾಸ್‌ಗಿರಿ ಬರಲಿಲ್ಲ. ಡಾಕ್ಟರು ಮೇಜು ಗುದ್ದಿದ ಸದ್ದಿಗೆ ಹೊರಗಿದ್ದ ನರ್ಸ್ ಒಳಗೆ ಇಣುಕಿದಳು. "ಏನ್ರೀ ಇದು! ಒಬ್ಬ ಡಾಕ್ಟರು ಕೊಟ್ಟಿದ್ದು ಇನ್ನೊಬ್ಬರಿಗೆ ಕಾಣ್ಲಿ, ತಪ್ಪು ಔಷಧಿ ಕೊಟ್ಟು ಯಾರೂ ಸಾಯದೇ ಇರ್ಲಿ ಅಂತ ಇದನ್ನ ಮಾಡಿರೋದು. ನೀವು ಹದಿನೇಳು ಜನರ ರಕ್ತ ಒಂದೇ ಕ್ಯಾನಿಗೆ ಸುರ್ದು ತಂದಿದ್ದೀರ! ಇಲ್ನೋಡಿ. ಮುಳಬಾಗಿಲ ಕ್ಲಿನಿಕ್, ಹೋದ ತಿಂಗಳು. ಹಾರ್ಟ್ ಅಟ್ಯಾಕ್ ಆಗಿರೋ ಇಸಿಜಿ. ರಕ್ತ ತೆಳು ಮಾಡೋ ಮಾತ್ರೆ. ಇದು ಯಾರ್ದು?"

ಆಂಜಿನಪ್ಪನ ಎದೆ ಇಳಿಯಿತು. ಮುಳಬಾಗಿಲಿಗೆ ಅವನು ಯಾರನ್ನೂ ಕರೆದುಕೊಂಡು ಹೋಗಿರಲಿಲ್ಲ.

"ಗೊತ್ತಿಲ್ಲ ಮೇಡಮ್. ನಂದಂತೂ ಅಲ್ಲ."

"ಇವತ್ತಿನ ನಿಮ್ಮ ಇಸಿಜಿ ಚೆನ್ನಾಗೇ ಇದೆ. ಆದ್ರೆ ಅದೊಂದನ್ನೇ ನಂಬಿ ನಾನು ಮತ್ತಿನ ಇಂಜೆಕ್ಷನ್ ಕೊಡ್ಸಕ್ಕಾಗಲ್ಲ. ಈ ಎದೆ ನಿಮ್ದಾಗಿದ್ರೆ ಕನಿಷ್ಠ ಮೂರು ತಿಂಗಳು ಟೇಬಲ್ ಹತ್ತಿಸೋ ಹಾಗಿಲ್ಲ. ನಿಮ್ಮ ಹರ್ನಿಯಾ ಮೂರು ತಿಂಗಳು ಕಾಯಲ್ಲ. ನಿಮ್ದಲ್ಲ ಅಂದ್ರೆ ಯಾರೋ ಒಬ್ರು ಔಷಧಿ ಇಲ್ದೆ ಓಡಾಡ್ತಿದ್ದಾರೆ, ಯಾವಾಗ ಬೀಳ್ತಾರೋ ಗೊತ್ತಿಲ್ಲ. ನಾಳೆ ಸಂಜೆ ಒಳಗೆ ಪ್ರತಿಯೊಂದು ಕಾಯಿಲೆಯ ಮಾಲೀಕರು ಇಲ್ಲಿಗೆ ಬಂದು ತಮ್ಮದು ಅಂತ ಹೇಳಿ ಸಹಿ ಹಾಕ್ಬೇಕು. ಒಂದು ಉಳಿದ್ರೂ ಶುಕ್ರವಾರ ಆಪರೇಷನ್ ಇಲ್ಲ."

ಬುಧವಾರ ಸಂಜೆ ಆಂಜಿನಪ್ಪ ಮನೆಮನೆ ತಿರುಗಿದ. ಕೊಡುವಾಗ ಸಾಲುಗಟ್ಟಿದ್ದವರು ವಾಪಸ್ಸು ತೆಗೆದುಕೊಳ್ಳಿ ಎಂದಾಗ ಬಾಗಿಲ ಹಿಂದೆ ಸರಿದರು. ಬಾಡಿಗೆ ನಂಬರಿನಲ್ಲಿ ಸುಖವಾಗಿದ್ದ ಕಾಯಿಲೆ ಸ್ವಂತ ಹೆಸರಿಗೆ ಬಂದರೆ ಯಾರಿಗೆ ಇಷ್ಟ?

"ನಂಗೆ ಸಕ್ರೆ ಕಾಯ್ಲೆ ಅಂತ ಗೊತ್ತಾದ್ರೆ ಸೊಸೆ ಬೆಲ್ಲದ ಡಬ್ಬಾ ಬಚ್ಚಿಡ್ತಾಳೆ ಕಣಪ್ಪ" ಎಂದಳು ಚಿಕ್ಕಗಂಗಮ್ಮ.

"ನೋಡಕ್ಕೆ ಬರೋ ಹೆಣ್ಣಿನೋರಿಗೆ ನಾಯಿ ಕಚ್ಚಿರೋ ವಿಷಯ ಗೊತ್ತಾದ್ರೆ?" ಎಂದ ಸುರೇಶ್.

ನರಸಿಂಹಪ್ಪನವರು ಮಾತ್ರ ಕಣ್ಣು ಕೆಂಪಗೆ ಮಾಡಿದರು. "ಏನ್ಲಾ ಆಂಜಿನಪ್ಪ, ಎರಡು ಸಲ ಅಧ್ಯಕ್ಷನಾದವನು ನಾನು. ಕೋಲಾರದ ಆಸ್ಪತ್ರೇಲಿ ನಿಂತು ಅದು ನಂದು ಅಂತ ಹೇಳ್ಬೇಕಾ? ನಂಗೆ ಅಂಥದ್ದೇನೂ ಇಲ್ಲ, ಹೋಗೋ!" ಎನ್ನುತ್ತ ಕೂರಲು ಹೋಗಿ, ಅರ್ಧಕ್ಕೇ ಎದ್ದು, ನಿಂತೇ ಉಳಿದರು.

ಗುರುವಾರ ಬೆಳಗ್ಗೆ ಡೇರಿಯಲ್ಲಿ ಹಾಲು ಅಳೆಯುತ್ತಿದ್ದಾಗ ಆಂಜಿನಪ್ಪ ಮೈಮರೆತು ಒಂದು ಕ್ಯಾನಿಗೆ ಕೈ ಹಾಕಿದ. ಎತ್ತಿದ್ದು ಮೊಳದಷ್ಟು, ಅಷ್ಟೇ. "ಅಮ್ಮಾ" ಎಂದು ಕುಸಿದು ಕೂತ. ಗಂಟು ಹೊರಗೆ ಬಂದಿತ್ತು, ಒಳಗೆ ಹೋಗಲಿಲ್ಲ. ಮಲಗಿಸಿದರು, ಹೋಗಲಿಲ್ಲ. ಮೈಯೆಲ್ಲ ಬೆವರು. ಹಾಲಿನ ಪಾತ್ರೆ ಹಿಡಿದು ನಿಂತಿದ್ದ ಇಡೀ ಸಾಲು ಅವನ ಸುತ್ತ ನೆರೆಯಿತು. ಯಾವಾಗಲೂ ಗಂಡನನ್ನು ಬಯ್ಯುವ ರಾಮಲಕ್ಷ್ಮಮ್ಮ ಅಂದು ಒಂದು ಮಾತೂ ಆಡದೆ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಅತ್ತಳು. ಅರ್ಧ ಗಂಟೆಯ ನಂತರ ಗಂಟು ತಾನಾಗಿ ಒಳಗೆ ಸರಿಯಿತು. ಅಲ್ಲಿದ್ದವರಿಗೆ ಅದು ಅರ್ಧ ದಿನವಾಗಿತ್ತು.

ಸುನಂದ ಸೆರಗು ಸಿಕ್ಕಿಸಿಕೊಂಡು ಡೇರಿಯ ಮೈಕ್ ಕೈಗೆ ತೆಗೆದುಕೊಂಡಳು. ಸುಗಟೂರು ಅದಕ್ಕೂ ಮೊದಲು ಅಂಥ ಬೈಗುಳ ಕೇಳಿರಲಿಲ್ಲ, ಆಮೇಲೂ ಕೇಳಿಲ್ಲ.

"ಕೇಳ್ರಪ್ಪೋ! ಈ ಮನುಷ್ಯ ನಿಮಗೋಸ್ಕರ ಮೂರು ತಾಲ್ಲೂಕು ಅಲೆದ! ನಿಮ್ ಕಾಯ್ಲೆ ಹೊತ್ಕೊಂಡು ಈಗ ತನ್ ಕಾಯ್ಲೆಗೆ ಸಾಯ್ತಾವ್ನೆ! ನಾಚ್ಕೆ ಆಗಲ್ವಾ ನಿಮ್ಗೆ? ಹಾಲು ಹಾಕೋವಾಗ ಕಾಲು ಲೀಟರ್ ಹೆಚ್ಚು ಕಮ್ಮಿ ಆದ್ರೆ ಜಗಳಕ್ಕೆ ಬರ್ತೀರಲ್ಲ, ನಂದು ನಂದು ಅಂತ! ಈಗ ಅನ್ರೋ, ನಂದು ಅಂತ!"

ಮೊದಲು ಗಂಗಾಲಕ್ಷ್ಮಿ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಮುಂದೆ ಬಂದಳು. "ಬಸುರು ನಂದು. ನಾನ್ ಬರ್ತೀನಿ" ಎಂದಳು. ಆರು ತಿಂಗಳ ಬಸುರಿ ಹಾಗೆ ನಿಂತ ಮೇಲೆ ಗಂಡಸರಿಗೆ ಮುಖ ಎತ್ತಲು ಜಾಗವಿರಲಿಲ್ಲ. ಟೊಮೊಟೊ ಮಂಡಿಗೆ ಹೊರಟಿದ್ದ ಟೆಂಪೊವನ್ನು ತಡೆದು ಕ್ರೇಟುಗಳನ್ನು ಇಳಿಸಿದರು. ಬಸುರಿಯನ್ನು ಡ್ರೈವರಿನ ಪಕ್ಕ ಕೂರಿಸಿದರು. ಆಂಜಿನಪ್ಪನನ್ನು ಹಾಸಿಗೆ ಸಮೇತ ಮಲಗಿಸಿ ಸುತ್ತಲೂ ಊರು ಕೂತಿತು. ಶಿವಾರಪಟ್ಟಣಕ್ಕೆ, ಶ್ರೀನಿವಾಸಪುರಕ್ಕೆ ಫೋನುಗಳು ಹೋದವು. ಟೆಂಪೊ ಹೊರಡುವಾಗ ನರಸಿಂಹಪ್ಪನವರು ಶಲ್ಯ ಸರಿಮಾಡಿಕೊಳ್ಳುತ್ತ ಓಡಿಬಂದು ಹತ್ತಿದರು. ಕೂರಲಿಲ್ಲ, ಕೋಲಾರದವರೆಗೂ ನಿಂತೇ ಬಂದರು.

ರಾಮಲಕ್ಷ್ಮಮ್ಮ ಮಾತ್ರ ಹತ್ತುವ ಮುಂಚೆ ಮರೆಗೆ ಹೋಗಿ ಯಾರಿಗೋ ಫೋನು ಮಾಡಿ, ಕಣ್ಣೊರೆಸಿಕೊಂಡು ಬಂದಳು.

ಆಸ್ಪತ್ರೆಯ ದಾಖಲೆ ವಿಭಾಗದ ಅಮರನಾಥ್ ಎಂಬಾತ ಮೂವತ್ತು ವರ್ಷದ ಸರ್ವೀಸಿನಲ್ಲಿ ಕಾಯಿಲೆ ಬೇಡ ಎನ್ನುವವರನ್ನು ಮಾತ್ರ ನೋಡಿದ್ದ. ಅಂದು ಅವನ ಕಿಟಕಿಯ ಮುಂದೆ ಕಾಯಿಲೆ ಕೊಡಿ ಎಂದು ಕೇಳುವವರ ಸಾಲು ನಿಂತಿತು. ಒಬ್ಬೊಬ್ಬರಿಗೂ ಅಲ್ಲೇ ಹೊಸ ನಂಬರ್ ಮಾಡುತ್ತ, ಅವರವರದನ್ನು ಅವರವರ ಖಾತೆಗೆ ದಾಟಿಸುತ್ತ ಕೂತ. ಪಕ್ಕದಲ್ಲಿ ಡಾಕ್ಟರ್ ಶೋಭಾರಾಣಿ ನಿಂತಿದ್ದರು.

"ಮುರಿದ ಕೈ!"

"ನಂದು!" ಎಂದು ನರೇಶ್ ಪ್ಲಾಸ್ಟರ್ ಎತ್ತಿದ.

"ಕಲ್ಲು ಧೂಳಿನ ಕೆಮ್ಮು!"

"ನಂದೇ ಸಾರ್" ಎಂದು ಶಿವಕುಮಾರ್ ಪುರಾವೆಗೆಂದು ಎರಡು ಸಲ ಕೆಮ್ಮಿದ.

"ಸಕ್ಕರೆ ಕಾಯಿಲೆ!"

"ನಂದು ಕಣಪ್ಪ, ಸೊಸೆ ಬಂದಿಲ್ಲ ತಾನೆ?" ಎಂದು ಚಿಕ್ಕಗಂಗಮ್ಮ ಗಿರ್ ಎನ್ನುವ ತಲೆ ಹಿಡಿದುಕೊಂಡೇ ಹಿಂದೆ ನೋಡಿದಳು. ಸೊಸೆ ಹಿಂದೆಯೇ ನಿಂತಿದ್ದಳು. ಅಷ್ಟರಲ್ಲಿ ಡಾಕ್ಟರು ಪರದೆಯತ್ತ ಬಗ್ಗಿದರು. ಮುದುಕಿ ಅಣ್ಣನ ಮನೆಗೆ ಹೋದಾಗ ಮಾಲೂರಿನಲ್ಲಿ ಕೊಟ್ಟ ಮಾತ್ರೆ, ಕೋಲಾರದಲ್ಲಿ ಕೊಟ್ಟ ಮಾತ್ರೆ, ಎರಡೂ ಈಗ ಒಂದೇ ಹೆಸರಿನ ಕೆಳಗೆ ಬಂದು ಕೂತಿದ್ದವು.

"ಅಜ್ಜಿ, ಎರಡೂ ಕಡೆ ಕೊಟ್ಟಿರೋದು ಒಂದೇ ಮಾತ್ರೆ, ಕಂಪನಿ ಮಾತ್ರ ಬೇರೆ. ಎರಡನ್ನೂ ನುಂಗ್ತಿದ್ದೀರಾ?"

"ಕೆಂಪು ಡಬ್ಬೀದು ಬೆಳಗ್ಗೆ, ಬಿಳಿ ಡಬ್ಬೀದೂ ಬೆಳಗ್ಗೆ."

"ಅದಕ್ಕೇ ಈಗ್ಲೂ ತಲೆಸುತ್ತು! ಸಕ್ಕರೆ ತೀರಾ ಕೆಳಗೆ ಹೋಗಿದೆ. ಇನ್ನು ಹತ್ತು ದಿನ ಹೀಗೇ ನುಂಗಿದ್ರೆ ನಿದ್ದೆಯಿಂದ ಏಳ್ತಿರ್ಲಿಲ್ಲ. ಒಂದನ್ನ ಇವತ್ತೇ ಬಿಡಿ."

ಸಾಲಿನಲ್ಲಿ ಗುಸುಗುಸು ಎದ್ದಿತು. ಅಲ್ಲಿಯವರೆಗೆ ಮುಖ ಮುಚ್ಚಿಕೊಂಡಿದ್ದವರು, ತಮ್ಮದರಲ್ಲೂ ಏನಾದರೂ ಇದ್ದರೆ ಎಂದು ನೂಕಾಡಿಕೊಂಡು ಮುಂದೆ ಬಂದರು. ನಂದು ನೋಡಿ, ನಂದು ನೋಡಿ ಎಂಬ ಕೂಗು ಮಾರುಕಟ್ಟೆಯನ್ನು ಮೀರಿಸಿತು. ಸುರೇಶ್ ನಾಯಿ ಕಡಿತವನ್ನು ಗತ್ತಿನಿಂದ ಒಪ್ಪಿಕೊಂಡು ತಪ್ಪಿಹೋಗಿದ್ದ ಇಂಜೆಕ್ಷನ್ನಿಗೆ ತೋಳು ಚಾಚಿದ.

"ಮೂಲವ್ಯಾಧಿ!" ಎಂದು ಅಮರನಾಥ್ ಕೂಗಿದ.

ಸುಗಟೂರಿನ ಜನ ಒಬ್ಬರ ಮುಖ ಒಬ್ಬರು ನೋಡಿದರು. ನರಸಿಂಹಪ್ಪನವರು ಮೀಸೆಯನ್ನು ಒಮ್ಮೆ ಬಲಕ್ಕೆ, ಒಮ್ಮೆ ಎಡಕ್ಕೆ ತಿರುವಿದರು. ಆಮೇಲೆ ಧ್ವಜಾರೋಹಣಕ್ಕೆ ಹೋಗುವ ಹಾಗೆ ನೆಟ್ಟಗೆ ನಡೆದು ಕಿಟಕಿಗೆ ಬಂದರು.

"ನಂದು. ಬರ್ಕೊಳ್ಳಿ. ಮಾಜಿ ಅಧ್ಯಕ್ಷರು ಅಂತಾನೂ ಸೇರಿಸಿ."

ಇಡೀ ಸಾಲು ಚಪ್ಪಾಳೆ ತಟ್ಟಿತು. ಎರಡು ಸಲ ಗೆದ್ದಾಗಲೂ ಅಷ್ಟು ಜೋರಾಗಿ ತಟ್ಟಿರಲಿಲ್ಲ ಎಂದು ಅವರೇ ಆಮೇಲೆ ಒಪ್ಪಿಕೊಂಡರು.

ಸಂಜೆ ನಾಲ್ಕರ ಹೊತ್ತಿಗೆ ಹದಿನೈದು ಮುಗಿದವು. ಆಂಜಿನಪ್ಪನದು ಒಂದು. ಉಳಿದದ್ದು ಮುಳಬಾಗಿಲಿನ ಆ ಎದೆ. ಅಮರನಾಥ್ ಮೂರು ಸಲ ಕೂಗಿದ. ಯಾರೂ ಬರಲಿಲ್ಲ. ಡಾಕ್ಟರು ಗಡಿಯಾರ ನೋಡಿದರು. ಸ್ಟ್ರೆಚರಿನ ಮೇಲಿದ್ದ ಆಂಜಿನಪ್ಪ ಕಣ್ಣು ಮುಚ್ಚಿದ. ಬೆಳಗಿನ ನೋವು ನೆನೆದು ಅವನಿಗೆ ಮೊದಲ ಸಲ ನಿಜವಾಗಿ ಭಯವಾಯಿತು.

"ಯಾರ್ದೂ ಅಲ್ಲ ಅಂದ್ರೆ ನಿಮ್ದೇ ಅಂತ ತಿಳೀಬೇಕಾಗುತ್ತೆ ಆಂಜಿನಪ್ಪ" ಎಂದರು ಡಾಕ್ಟರು, ಬೇಸರದಿಂದಲೇ. "ಆಪರೇಷನ್..."

"ಆಗಮ್ಮಾ!"

ನಿಲ್ಲಮ್ಮಾ ಎಂದು ತೆಲುಗಿನಲ್ಲಿ ತಡೆಯುವ ಒಂದು ಗಂಟಲು ಕಾರಿಡಾರಿನ ತುದಿಯಿಂದ ಬಂತು. ಅದರ ಹಿಂದೆ ಬಿಳಿ ಕೂದಲು, ದೊಡ್ಡ ಮೂಗುಬೊಟ್ಟು, ಕೈಯಲ್ಲಿ ಊರುಗೋಲು. ಆಂಜಿನಪ್ಪನ ಅತ್ತೆ ಮುತ್ಯಾಲಮ್ಮ, ಮುಳಬಾಗಿಲಾಚೆ ಆಂಧ್ರದ ಗಡಿಯ ಹಳ್ಳಿಯವಳು. ಹನ್ನೊಂದು ವರ್ಷದ ಹಿಂದೆ ಹಬ್ಬದ ಊಟದಲ್ಲಿ ಅಳಿಯ, "ಅತ್ತೆ ಮಾಡಿದ ಮುದ್ದೆ ಶಿವಾರಪಟ್ಟಣಕ್ಕೆ ಕಳ್ಸಿದ್ರೆ ವಿಗ್ರಹ ಕೆತ್ತಬೌದು" ಎಂದು ನಾಲ್ಕು ಜನರ ಮುಂದೆ ಅಂದಿದ್ದ. ಅವತ್ತಿನಿಂದ ಅವನ ಮುಖ ನೋಡುವುದಿಲ್ಲ, ಮಾತಾಡುವುದಿಲ್ಲ, ಹೊಸ್ತಿಲು ತುಳಿಯುವುದಿಲ್ಲ ಎಂದು ಶಪಥ ಮಾಡಿದವಳು. ಅಂಥವಳು ಎರಡು ಬಸ್ಸು ಬದಲಾಯಿಸಿ ಬಂದಿದ್ದಳು.

"ಆ ಗುಂಡೆ ನಾದಿ!" ಎಂದು ಊರುಗೋಲು ಕುಟ್ಟಿದಳು. "ನಂದು ಕಣಮ್ಮ ಡಾಕ್ಟ್ರಮ್ಮ, ಆ ಎದೆ ನಂದು. ಎದೆ ನೋವು ಅಂದಾಗ ಮಗಳು ಇವನಿಗೆ ಹೇಳ್ದೆ ಫೋನ್ ತಂದು ಬೋರ್ಡಿಗೆ ತೋರ್ಸಿದ್ಳು. ಎದೆಗೆ ವೈರು ಹಚ್ಚಿ ನೋಡಿದ್ರು. ಕೋಲಾರಕ್ಕೆ ಹೋಗಿ ದೊಡ್ಡ ಪರೀಕ್ಷೆ ಮಾಡಿಸ್ಕೋ ಅಂದ್ರು."

"ಮತ್ತೆ ಯಾಕಮ್ಮ ಬರ್ಲಿಲ್ಲ? ಮಾತ್ರೆ?"

"ಮುಗೀತು, ಬಿಟ್ಟೆ. ಕೋಲಾರಕ್ಕೆ ಬಂದ್ರೆ ಇವನ ಮನೇಲಿ ಇಳೀಬೇಕು. ಅದಕ್ಕಿಂತ ಸಾಯೋದೇ ವಾಸಿ ಅಂತ ಸುಮ್ನಿದ್ದೆ. ಮಗಳ ಹತ್ರ ಆಣೆ ಹಾಕಿಸ್ಕೊಂಡಿದ್ದೆ, ಬಾಯಿ ಬಿಡ್ಬೇಡ ಅಂತ. ಇವತ್ತು ಫೋನಲ್ಲಿ ಅತ್ಕೊಂಡು ಹೇಳಿದ್ಳು, ನಿನ್ ಎದೆಯಿಂದ ನನ್ ಗಂಡ ಹೋಗ್ತಾನೆ ಅಂತ." ಮುದುಕಿ ಉಸಿರೆಳೆದುಕೊಂಡಳು. "ನಾನು ಸಾಯ್ಲಿ ಅಂದ್ಕೊಂಡಿದ್ದು ನಿಜ. ಅವನು ಸಾಯ್ಲಿ ಅಂತ ಯಾವತ್ತು ಅಂದೆ?"

ರಾಮಲಕ್ಷ್ಮಮ್ಮ ಓಡಿಹೋಗಿ ಅಮ್ಮನನ್ನು ತಬ್ಬಿಕೊಂಡಳು. ಆಂಜಿನಪ್ಪ ಸ್ಟ್ರೆಚರಿನಿಂದ ಇಳಿದುಬಂದು ಎರಡೂ ಕೈ ಜೋಡಿಸಿದ.

"ಅತ್ತೆ, ಅವತ್ತು ಅಂದಿದ್ದು ತಪ್ಪಾಯ್ತು. ನನ್ ನಾಲ್ಗೆಗೆ ಬುದ್ಧಿ ಇಲ್ಲ. ಮೇಡಮ್, ಮೊದ್ಲು ನಮ್ಮತ್ತೇನ ನೋಡಿ. ನನ್ ಗಂಟು ಎಲ್ಲೂ ಹೋಗಲ್ಲ."

ಮುತ್ಯಾಲಮ್ಮ ಅವನನ್ನು ಮೇಲಿಂದ ಕೆಳಗೆ ನೋಡಿದಳು. "ಏಮಯ್ಯಾ ಅಲ್ಲುಡಾ, ಇಷ್ಟು ಇಳಿದು ಹೋಗಿದ್ದೀಯಲ್ಲ" ಎಂದು ಅಳಿಯನನ್ನು ಮಾತಾಡಿಸಿದಳು. ಅಷ್ಟು ಹೇಳಿ ಅಳತೊಡಗಿದಳು. ಅವನೂ ಅತ್ತ. ಸುಗಟೂರಿನ ಹದಿನೈದು ಕಾಯಿಲೆಯವರೂ ಸಾಲಾಗಿ ನಿಂತು ಅತ್ತರು. ಇದು ಆಸ್ಪತ್ರೆ ಎಂದು ನರ್ಸ್ ಗದರಿಸಬೇಕಾಯಿತು, ಅವಳ ಕಣ್ಣೂ ಒದ್ದೆಯಾಗಿತ್ತು.

ಮುದುಕಿಯನ್ನು ಅಲ್ಲಿಂದಲೇ ಗಾಲಿಕುರ್ಚಿಯಲ್ಲಿ ಕರೆದೊಯ್ದರು. ಎದೆಯ ಡಾಕ್ಟರು ಆ ರಾತ್ರಿಯೇ ಪರೀಕ್ಷೆ ಮಾಡಿದರು. ರಕ್ತನಾಳವೊಂದು ಮುಚ್ಚಿಹೋಗುವುದಕ್ಕೆ ನೂಲಿನೆಳೆಯಷ್ಟೇ ಬಾಕಿ ಇತ್ತು. ಅದನ್ನು ಬಿಡಿಸಿ ಸ್ಟೆಂಟ್ ಹಾಕಿದರು. ಮುಳಬಾಗಿಲಿನ ಆ ಹಳೆಯ ಇಸಿಜಿ ಕಣ್ಣ ಮುಂದೆ ಇದ್ದದ್ದರಿಂದ ಒಂದು ಗಳಿಗೆಯೂ ವ್ಯರ್ಥವಾಗಲಿಲ್ಲ ಎಂದು ಡಾಕ್ಟರ್ ಶೋಭಾರಾಣಿ ಹೇಳಿದರು. ಶುಕ್ರವಾರ ಬೆಳಗ್ಗೆ ಆಂಜಿನಪ್ಪನ ಆಪರೇಷನ್ ಒಂದು ಗಂಟೆಯೊಳಗೆ ಮುಗಿಯಿತು. ಥಿಯೇಟರಿನ ಹೊರಗೆ ಕಾದಿದ್ದವರಿಗೆ ನರಸಿಂಹಪ್ಪನವರು ತಮ್ಮ ಖರ್ಚಿನಲ್ಲಿ ಟೀ ಕೊಡಿಸಿದರು. ಕಾರ್ಯದರ್ಶಿ ಹುದ್ದೆಯ ವಿಷಯ ಎತ್ತಲಿಲ್ಲ.

ಶನಿವಾರ ಮಧ್ಯಾಹ್ನ ಆಂಜಿನಪ್ಪನ ಫೋನು ಟಿಂಗ್ ಎಂದಿತು. ಹೊಸ ದಾಖಲೆ ಬಂದಿತ್ತು. ಅವನು ಗಾಬರಿಯಿಂದ ಸುನಂದಳ ಕೈಗೆ ಕೊಟ್ಟ.

"ಓದಮ್ಮ. ಮತ್ತೆ ಯಾರಾದ್ರೂ ಹಾಕವ್ರಾ?"

ಸುನಂದ ಓದಿದಳು. "ಆಂಜಿನಪ್ಪ, ಗಂಡಸು, ವಯಸ್ಸು ಐವತ್ತೆರಡು. ಹರ್ನಿಯಾ ಶಸ್ತ್ರಚಿಕಿತ್ಸೆ ಆಗಿದೆ. ರೋಗಿ ಕ್ಷೇಮ."

"ಕೆಳಗೆ?"

"ಕೆಳಗೇನೂ ಇಲ್ಲ."

"ಇನ್ನೂ ಕೆಳಗೆ ಸರ್ಸಿ ನೋಡು."

"ಎಷ್ಟು ಸರ್ಸಿದ್ರೂ ಇಲ್ಲ ಅಣ್ಣ. ಇಷ್ಟೇ."

ಆಂಜಿನಪ್ಪ ಮೂರು ಸಲ ಓದಿಸಿದ. ಆಮೇಲೆ ತಡೆಯಲಾಗದೆ ದಿಂಬಿಗೆ ಮೊಣಕೈ ಊರಿ, ಎದುರಿನ ಹೆಂಗಸರ ವಾರ್ಡಿಗೆ ಕೇಳುವ ಹಾಗೆ ಗಂಟಲು ಹರಿಯುವಂತೆ ಕೂಗಿದ. "ಅತ್ತೇ! ಕ್ಷೇಮ ಅಂತೆ! ನಂದು ಪೂರ್ತಿ ಕ್ಲೀನು!"

ಕಾರಿಡಾರಿನ ಆಚೆಯಿಂದ ಅದಕ್ಕಿಂತ ದೊಡ್ಡ ಗಂಟಲು ಬಂತು. "ಕೂಗ್ಬೇಡ್ರಾ ಅಲ್ಲುಡಾ, ಹೊಲಿಗೆ ಬಿಟ್ಟೀತು!"

ಎರಡು ವಾರ್ಡೂ ಒಟ್ಟಿಗೆ ನಕ್ಕವು. ಆಂಜಿನಪ್ಪ ಹೊಲಿಗೆಯನ್ನು ಎರಡೂ ಕೈಯಲ್ಲಿ ಅದುಮಿ ಹಿಡಿದುಕೊಂಡು, ನೋವಿಗೋ ನಗುವಿಗೋ ಕಣ್ಣೀರು ಸುರಿಸುತ್ತ, ನಗುತ್ತಲೇ ಇದ್ದ.